ಮಹಡಿ ಕೋಣೆಯ ಅಳತೆ

ಅಕ್ಕಾ,

ಇವತ್ತು ನೀನು ಸಹಿ ಹಾಕಬೇಕಿದ್ದ ಪಾಲುಪತ್ರ ಹುಡುಕಬೇಡ, ಹರಿದು ಹಾಕಿದ್ದೇನೆ. ತೆರಿಗೆ ರಸೀದಿಯಲ್ಲಿರುವ ಬೆಲೆಯನ್ನೇ ಮನೆಗೆ ಕಟ್ಟಿ, ಮನೆ ನನಗಿಟ್ಟುಕೊಂಡು ನಿನ್ನ ಪಾಲಿನ ಹಣ ಬರೆಸಿದ್ದೆ. ಮಾರಿದರೆ ಅದರ ನಾಲ್ಕು ಪಟ್ಟು ಬರುತ್ತದೆಂದು ನನಗೆ ಗೊತ್ತಿತ್ತು.

ಹೋದ ವಾರ ರಸೀದಿ ಮತ್ತೆ ಓದಿದೆ. ಅಪ್ಪ ಕಟ್ಟಿದ ಎರಡು ಕೋಣೆ, ತಗಡಿನ ಸೂರು, ಅಷ್ಟೇ ಇದೆ. ನೀನು ಬಟ್ಟೆ ಹೊಲಿದು, ತಗಡು ತೆಗೆಸಿ ಕಟ್ಟಿಸಿದ ಮಹಡಿ ಕೋಣೆ ಲೆಕ್ಕಕ್ಕೇ ಇಲ್ಲ. ನಾನು ಓದಿ ಮನುಷ್ಯನಾದದ್ದು ಅಲ್ಲೇ.

ಮಧ್ಯಾಹ್ನ ತೆರಿಗೆ ಕಚೇರಿಯವರು ಅಳತೆಗೆ ಬರುತ್ತಾರೆ, ನಾನೇ ಅರ್ಜಿ ಕೊಟ್ಟು ಕರೆಸಿದ್ದು. ತೆರಿಗೆ ಏರಿದರೆ ಏರಲಿ. ಮೆಟ್ಟಿಲ ಮೇಲಿನ ಬಟ್ಟೆ ಗಂಟು ತೆಗೆದಿಡು, ಯಾರಾದರೂ ಎಡವಿಯಾರು. ಹಾಲು ಕಾಯಿಸಿಟ್ಟಿದ್ದೇನೆ, ಬರೀ ಹೊಟ್ಟೆಯಲ್ಲಿ ಹೊಲಿಯಲು ಕೂರಬೇಡ ಮಹಾರಾಯ್ತಿ.

ಮೇಲಿನ ಕೋಣೆ ಯಾರು ಕಟ್ಟಿಸಿದ್ದು ಅಂತ ಅವರು ಕೇಳಿದರೆ, ಎಲ್ಲರಿಗೂ ಹೇಳುವ ಹಾಗೆ ‘ನಮ್ಮ ತಮ್ಮ’ ಅನ್ನಬೇಡ.