ಟಯರು ನೇತಾಡುವಾಗಿನ ಅಳತೆ

ಜಡ್ಕಲ್
ಭಾನುವಾರ, ನವೆಂಬರ್ 10, 2024

ಪ್ರೀತಿಯ ಅಣ್ಣ,

ರಾತ್ರಿ ಒಂದೂವರೆ ಗಂಟೆ. ಅಂಗಳದಲ್ಲಿ ಕಿರ್ರ್ ಎಂದ ಸದ್ದಿಗೆ ಎದ್ದು ಕೂತೆ. ಕಿಟಕಿಯಿಂದ ನೋಡಿದರೆ ನಮ್ಮ ನಾಯಿ ಜೀಪಿನ ಹಿಂದಿನ ಸೀಟಿಗೆ ಹಾರಿ ಮಲಗಿತ್ತು, ಅಷ್ಟೆ. ಆದರೆ ನಾಯಿ ಸುಮ್ಮನಾದ ಮೇಲೂ ಜೀಪು ಸುಮ್ಮನಾಗಲಿಲ್ಲ. ಮೇಲೆ ಕೆಳಗೆ, ಮೇಲೆ ಕೆಳಗೆ, ತೂಗಿಬಿಟ್ಟ ತೊಟ್ಟಿಲಿನ ಹಾಗೆ ಸ್ವಲ್ಪ ಹೊತ್ತು ಆಡುತ್ತಲೇ ಇತ್ತು. ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಬಿಚ್ಚಿಟ್ಟಿದೆ, ಅದಕ್ಕೆ. ಹೌದು ಅಣ್ಣ, ನಿನ್ನ ಜೀಪೇ. ಅದು ಮತ್ತೆ ಅಂಗಳಕ್ಕೆ ಬಂದಿದೆ. ಈ ಸಾಲು ಓದಿ ಫೋನ್ ಕೆಳಗಿಡಬೇಡ, ಕೈ ಮುಗಿಯುತ್ತೇನೆ, ಕೊನೆಯವರೆಗೆ ಓದು.

ಮೊದಲು ನೀನು ಹೇಗಿದ್ದೀಯ ಹೇಳು. ಬೀಜಾಡಿಯ ರಂಜನ್ ಪನ್ವೇಲಿಗೆ ಬಂದಿದ್ದಾಗ ನಿನ್ನನ್ನು ಕಂಡನಂತೆ. ತುಂಬ ಸೊರಗಿದ್ದೀಯ, ಲಾರಿ ವರ್ಕ್‌ಶಾಪಿನಲ್ಲಿ ರಾತ್ರಿ ಪಾಳಿಯನ್ನೇ ಕೇಳಿ ಹಾಕಿಸಿಕೊಳ್ಳುತ್ತೀಯ ಅಂದ. ಹಗಲು ನಿದ್ದೆ ಬರುತ್ತದಾ? ಸೊಂಟದ ನೋವು ಹೇಗಿದೆ? ಬೆಳಿಗ್ಗೆ ಬರೀ ಚಾ ಕುಡಿದು ಮಲಗಬೇಡ. ನಾನು ಕರೆದರೆ ನೀನು ಫೋನ್ ಎತ್ತುವುದಿಲ್ಲ, ಕಳಿಸಿದ್ದನ್ನು ಓದುತ್ತೀಯ ಮಾತ್ರ. ಎರಡು ನೀಲಿ ಗೀಟು ಬೀಳುವುದು ನನಗೆ ಕಾಣುತ್ತದೆ. ಆ ಎರಡು ಗೀಟು ನೋಡಿ ಅಣ್ಣ ಇದ್ದಾನೆ ಎಂದು ಅಮ್ಮನಿಗೆ ಹೇಳುತ್ತೇನೆ. ಇದನ್ನು ಕಾಗದದಲ್ಲಿ ಬರೆಯುತ್ತಿರುವುದೂ ಅದಕ್ಕೇ, ಪುಟಗಳ ಫೋಟೊ ತೆಗೆದು ಕಳಿಸುತ್ತೇನೆ. ಫೋನಿನಲ್ಲಿ ಬರೆಯಹೊರಟರೆ ಅಳಿಸಿ ಅಳಿಸಿ ಕಡೆಗೆ ‘ಆರಾಮಾ?’ ಅನ್ನುವುದಷ್ಟೇ ಉಳಿಯುತ್ತದೆ.

ನಾವು ಇದ್ದೇವೆ. ದೀಕ್ಷಾ ಓಡಾಡುತ್ತಾಳೆ, ಬಿದ್ದರೆ ಅಳುವ ಮೊದಲು ಯಾರಾದರೂ ನೋಡಿದರಾ ಎಂದು ಸುತ್ತ ನೋಡುತ್ತಾಳೆ. ನಿನ್ನ ಬುದ್ಧಿಯೇ. ಅವಳನ್ನು ನೀನು ಫೋಟೊದಲ್ಲಲ್ಲದೆ ಕಂಡಿಲ್ಲ. ಅಮ್ಮನ ಮಂಡಿ ನೋವು ಹಾಗೇ ಇದೆ. ಕೊಟ್ಟೆ ಕಡುಬು ಮಾಡುವ ದಿನ ನಿನ್ನ ಪಾಲಿನದೂ ಬೇಯುತ್ತದೆ. ಮರುದಿನ ಅದನ್ನು ತಾನೇ ತಿನ್ನುತ್ತಾಳೆ, ನನಗೆ ಕೊಡುವುದಿಲ್ಲ. ನನಗಂತೂ ಮಗು ಹುಟ್ಟಿದಂದಿನಿಂದ ಸರಿಯಾದ ನಿದ್ದೆ ಇಲ್ಲ. ಮಗು ಮಲಗಿದರೂ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತೇನೆ. ಮೊದಲ ಮಗುವಿಗೆ ಎಲ್ಲರೂ ಹೀಗೇ ಅನ್ನುತ್ತಾರೆ. ಇರಬಹುದು.

ಈಗ ಜೀಪಿನ ವಿಷಯ. ನನ್ನ ಗಂಡ ರೂಪೇಶ್‌ರನ್ನು ನೀನು ಬಲ್ಲೆ, ಸುಮ್ಮನೆ ಕೂರುವ ಜನ ಅಲ್ಲ. ಬ್ರಹ್ಮಾವರದಲ್ಲಿ ಅವರಿದ್ದ ಅಂಗಡಿ ಬೇಸಿಗೆಯಲ್ಲಿ ಮುಚ್ಚಿತು. ಎರಡು ವರ್ಷದಿಂದ ಟಾರ್ಪಾಲಿನ ಅಡಿಯಲ್ಲಿ ಕೂತ ಗಾಡಿಯನ್ನು ದಿನಾ ನೋಡಿ ನೋಡಿ, ಕೊನೆಗೊಂದು ದಿನ ಎಳೆಸಿಕೊಂಡು ಹೋಗಿ ಬ್ರಹ್ಮಾವರದಲ್ಲೇ ಬಾಡಿ ಕೆಲಸ ಮಾಡಿಸಿದರು. ಹೊಸ ಹುಡ್, ಹೊಸ ಬಣ್ಣ; ಮಗುಚಿದ ಗಾಡಿ ಎಂದು ಗೊತ್ತೇ ಆಗುವುದಿಲ್ಲ. ನಾಳೆ, ಅಂದರೆ ಇವತ್ತು ಬೆಳಿಗ್ಗೆ, ಕೊಲ್ಲೂರಿನಿಂದ ಕೊಡಚಾದ್ರಿಗೆ ಮೊದಲ ಟ್ರಿಪ್. ಜನ ಬುಕ್ ಆಗಿದ್ದಾರೆ. ಬಾಕಿ ಇರುವುದು ಹಿಂದಿನ ಶಾಕ್ ಹಾಕುವುದೊಂದೇ. ಬೆಳಕು ಹರಿಯುವ ಮೊದಲು ಮೆಕ್ಯಾನಿಕ್ ಪಾಂಡು ಇಲ್ಲಿಗೇ ಬಂದು ಹಾಕಿಕೊಡುತ್ತಾನೆ.

ಆ ಶಾಕ್ ಕುಂದಾಪುರದಿಂದ ತಂದದ್ದು. ಡಬ್ಬ ಇನ್ನೂ ಚಾವಡಿಯಲ್ಲೇ ಇದೆ. ಅಂಗಡಿಯವನು ಯಾವ ಗಾಡಿ ಎಂದು ಕೇಳಿದ, ಇವರು ಹೆಸರು ಹೇಳಿದರು, ಅವನು ಕೊಟ್ಟ. ಕಂಪೆನಿಯಿಂದ ಇಳಿದಾಗ ಜೀಪು ಎಷ್ಟು ಎತ್ತರವಿತ್ತೋ ಅಷ್ಟಕ್ಕೆ ಕೊಟ್ಟ. ಅದರ ಮೇಲೆ ನೀನು ಸ್ಪ್ರಿಂಗಿಗೆ ಪ್ಲೇಟು ಸೇರಿಸಿ ಎತ್ತರಿಸಿದ್ದು ಅವನಿಗೇನು ಗೊತ್ತು? ನಾನು ಹೇಳಿದೆ, ಇದು ಸಾಲುವುದಿಲ್ಲ, ಎತ್ತರಿಸಿದ ಗಾಡಿಗೆ ಉದ್ದದ್ದು ಬೇಕು ಅಂತ. “ಎಂತದೇ ನಿಂದ್? ಬಿ.ಎಸ್ಸಿ.ಯಲ್ಲಿ ಶಾಕ್ ಹಾಕುದೂ ಕಲ್ಸ್ತ್ರಾ?” ಎಂದು ನಕ್ಕರು. ಪಾಂಡುವಿಗೆ ಫೋನ್ ಮಾಡಿದರೆ ಅವನೂ, “ಶಾಕ್ ಅಂದ್ರ್ ಶಾಕೇ ಅಕ್ಕ, ಬೋಲ್ಟ್ ಕೂತ್ರ್ ಆಯ್ತ್” ಅಂದ. ನೆಲದ ಮೇಲೆ ನಿಂತ ಗಾಡಿಗೆ ಬೋಲ್ಟ್ ಕೂರುತ್ತದೆ ಅಣ್ಣ, ಅದೇ ನನಗೆ ಹೆದರಿಕೆ.

ನಿನಗೆ ನೆನಪಿದೆಯಾ, ನೀನು ಗಾಡಿ ಎತ್ತರಿಸಿದ ದಿನ ಟಾರ್ಚ್ ಹಿಡಿದವಳು ನಾನು. ನೀನು ಅಂಗಳ ಗುಡಿಸುವ ಹಿಡಿಸೂಡಿಯಿಂದ ಎರಡು ಕಡ್ಡಿ ಎಳೆದೆ. ಜಾಕ್ ಕೊಟ್ಟು ಟಯರು ಗಾಳಿಯಲ್ಲಿ ನೇತುಬೀಳಿಸಿ ಒಂದು ಕಡ್ಡಿಯನ್ನು ಆ ಉದ್ದಕ್ಕೆ ಮುರಿದೆ. ಭಾರ ಹಾಕಿ ಪೂರ್ತಿ ಕೂರಿಸಿ ಇನ್ನೊಂದನ್ನು ಮುರಿದೆ. ನಿಂತ ಗಾಡಿಯ ಅಳತೆಯಿಂದ ಎಂತದೂ ತಿಳಿಯುವುದಿಲ್ಲ, ಟಯರು ಗುಂಡಿಗೆ ಇಳಿದು ನೇತಾಡುವಾಗಲೂ ಶಾಕಿಗೆ ಚಾಚಲು ಇನ್ನೂ ಎರಡು ಬೆರಳು ಉಳಿದಿರಬೇಕು, ಇಲ್ಲದಿದ್ದರೆ ಟಯರು ನೆಲಕ್ಕೆ ಮುಟ್ಟದೆ ಗಾಡಿ ವಾಲುತ್ತದೆ ಎಂದು ನೀನೇ ಹೇಳಿದೆ. ಆ ಕಡ್ಡಿಗಳನ್ನು ಹಿಡಿದುಕೊಂಡೇ ಮಂಗಳೂರಿಗೆ ಹೋಗಿ ಉದ್ದದ ಶಾಕ್ ತಂದೆ. ಅಪ್ಪಯ್ಯ ಚಾವಡಿಯಲ್ಲಿ ಕೂತು, “ಹ್ವಾಯ್ ಇಂಜಿನಿಯರ್ರೇ, ಇನ್ ನಂಗ್ ಹತ್ತುಕ್ ಒಂದ್ ಏಣಿಯೂ ಮಾಡ್ಸಿ” ಎಂದು ಕೂಗಿದ್ದರು. ದೇವಸ್ಥಾನದಲ್ಲಿ ಡೋಲು ಬಾರಿಸುತ್ತಿದ್ದವರಲ್ಲವಾ, ಗಾಡಿಯ ಸದ್ದನ್ನೂ ಕಿವಿಯಲ್ಲೇ ಅಳೆಯುತ್ತಿದ್ದರು. ಮೊದಲ ಸುತ್ತು ಹೋಗಿಬಂದು, ಕಲ್ಲು ಹಾದದ್ದು ಹಿಂದೆ ಕಿವಿಗೆ ಬರುತ್ತಿತ್ತು, ಈಗ ಬೆನ್ನಿಗೆ ಬರುತ್ತದೆ ಅಂದರು. ಅಷ್ಟು ಗಟ್ಟಿ ಇತ್ತು ನಿನ್ನ ಶಾಕ್.

ಆ ಮಳೆಗಾಲದಲ್ಲಿ ಬೆಟ್ಟದ ದಾರಿ ಮುಚ್ಚಿದಾಗ ನೀನು ಲಾರಿ ಹಿಡಿದು ಗೋವೆಗೆ ಹೋದೆ. ನಾನು ಬಸುರಿ. ಕುಂದಾಪುರದ ಡಾಕ್ಟರಲ್ಲಿಗೆ ಅಪ್ಪಯ್ಯ ಜೀಪಿನಲ್ಲೇ ಕರೆದುಕೊಂಡು ಹೋಗುತ್ತಿದ್ದರು. ಒಮ್ಮೆ ಹೊಟ್ಟೆ ಅಳ್ಳಾಡುತ್ತದೆ ಅಪ್ಪಯ್ಯ ಅಂದಿದ್ದೆ. ಮುಂದಿನ ಸಲ ಹತ್ತಿದಾಗ ಅದೇ ದಾರಿ, ಅದೇ ಗುಂಡಿ, ದೋಣಿಯಲ್ಲಿ ಹೋದ ಹಾಗೆ ಹೋಯಿತು. ಅಂತೂ ಮೆಲ್ಲಗೆ ಓಡಿಸುವುದು ಕಲಿತಿರಿ ಎಂದು ತಮಾಷೆ ಮಾಡಿದೆ. “ಮೊಮ್ಮಗು ಬಪ್ಪುಕಿತ್ತಲೆ, ಕಲೀಕಲ್ದಾ?” ಎಂದು ನಕ್ಕರು. ಆ ನಗುವಿನಲ್ಲಿ ಬೇರೇನೋ ಇದೆ ಎಂದು ನನಗೆ ಹೊಳೆಯಲಿಲ್ಲ.

ಆಮೇಲಿನದ್ದು ನಿನಗೆ ಗೊತ್ತು. ನಾವಿಬ್ಬರೂ ಅದನ್ನು ಒಮ್ಮೆಯೂ ಬಾಯಿಬಿಟ್ಟು ಮಾತಾಡಲಿಲ್ಲ. ದಾರಿ ತೆರೆದಾಗ ನೀನಿನ್ನೂ ಗೋವೆಯಲ್ಲಿದ್ದೆ. ಕೊಡಚಾದ್ರಿಯ ಮೇಲಿನ ಅಂಗಡಿಗೆ ಸಾಮಾನು ಹೇರಿಕೊಂಡು ಅಪ್ಪಯ್ಯ ಒಬ್ಬರೇ ಹೊರಟರು. ಇಳಿಯುವಾಗ ಕೊರಕಲಿನ ತಿರುವಿನಲ್ಲಿ ಜೀಪು ಮಗುಚಿತು, ಅಪ್ಪಯ್ಯ ಉಳಿಯಲಿಲ್ಲ. ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಬಂದವರು ಎಲೆಯ ಮುಂದೆ ಕೂತು, “ಮಾಣಿ ಗಾಡಿ ಎತ್ರ ಮಾಡದ್ದೇ ತಪ್ಪ್” ಅಂದದ್ದು ಬಡಿಸುತ್ತಿದ್ದ ನಿನಗೂ ಕೇಳಿಸಿತು, ನನಗೂ ಕೇಳಿಸಿತು. ಮರುದಿನ ಬೆಳಿಗ್ಗೆ ಕಿಟಕಿಯ ಕಟ್ಟೆಯಲ್ಲಿ ಜೀಪಿನ ಕೀ ಇತ್ತು, ನೀನಿರಲಿಲ್ಲ.

ಅಣ್ಣ, ಈಗ ಬರೆಯುವುದನ್ನು ಮೆಲ್ಲಗೆ ಓದು. ನಿನ್ನೆ ಸಂಜೆ ಮಗುವಿನ ಸ್ನಾನಕ್ಕೆ ಬಚ್ಚಲೊಲೆಯ ಹಿಂದಿನಿಂದ ಸೌದೆ ಎಳೆಯುವಾಗ ಒಂದು ಗೋಣಿ ಸಿಕ್ಕಿತು. ಬಿಚ್ಚಿದರೆ ಅಪ್ಪಯ್ಯನ ಹಳೆಯ ಲುಂಗಿ, ಅದರೊಳಗೆ ಗ್ರೀಸ್ ಹಚ್ಚಿದ ಎರಡು ಶಾಕ್. ಉದ್ದದ್ದು. ನೀನು ಮಂಗಳೂರಿನಿಂದ ತಂದದ್ದೇ. ಜೀಪಿನಿಂದ ಬಿಚ್ಚಿದ ಹಳೆಯದನ್ನು ಅದರ ಪಕ್ಕದಲ್ಲಿಟ್ಟು ನೋಡಿದೆ. ಅದು ಗಿಡ್ಡದ್ದು, ಅಂಗಡಿಯ ಡಬ್ಬದಲ್ಲಿರುವಂಥದೇ. ಒಂದರ ಮೇಲ್ತುದಿಯಲ್ಲಿ ಬೋಲ್ಟ್ ಕೂರುವ ಬಳೆ ಹರಿದು ಹೋಗಿದೆ. ಎಳೆದು ಎಳೆದು ಇನ್ನು ಉದ್ದ ಬರಲಾಗದೆ ಹರಿದದ್ದು, ಅದು ನನಗೂ ಅರ್ಥವಾಗುತ್ತದೆ.

ಅಮ್ಮನನ್ನು ಕೇಳಿದೆ. ಅವಳಿಗೆ ಖುಷಿಯಾಯಿತು, ನಿಜವಾಗಿ ಖುಷಿಯಾಯಿತು ಅಣ್ಣ, ಲುಂಗಿಯನ್ನು ಮೂಸಿ ನೋಡಿದಳು. “ನಿನ್ ಹೊಟ್ಟಿ ಅಳ್ಳಾಡತ್ತ್ ಅಂದ್ಯಲೆ, ಅದ್ಕೆ ಬಿಚ್ಚಿ ಮೆತ್ತಂದ್ ಹಾಕ್ಸಿದ್ ಮಾರಾಯ್ತಿ. ಬಾಣಂತನ ಮುಗಿಲಿ, ಮಾಣಿಗ್ ಗೊತ್ತಾಪುದ್ರೊಳಗ್ ಮತ್ತ್ ಹಾಕ್ತೆ, ಇಲ್ದಿರ್ ಅವ ಬೈತ ಅಂದಿದ್ರ್” ಅಂದಳು. ಗಂಡನಿಗೆ ಮಗಳ ಮೇಲೆ ಎಷ್ಟು ಪ್ರೀತಿ ಇತ್ತು ಎಂದು ಹೇಳುವುದಕ್ಕೆ ಅವಳಿಗೆ ಅದೊಂದು ಕಥೆ. ಅದರ ಇನ್ನೊಂದು ತುದಿ ಎಲ್ಲಿದೆ ಎಂದು ಅವಳಿಗೆ ಗೊತ್ತಿಲ್ಲ. ನಾನು ಹೇಳಲಿಲ್ಲ. ಮಗುವಿಗೆ ಎಣ್ಣೆ ಹಚ್ಚುತ್ತಾ ತಲೆ ಬಗ್ಗಿಸಿ ಕೂತೆ.

ಗಾಡಿ ಮಗುಚಲು ಅದೊಂದೇ ಕಾರಣ ಎಂದು ನಾನು ಆಣೆ ಹಾಕಲಾರೆ. ಕತ್ತಲಾಗಿತ್ತು, ಕಲ್ಲು ಸಡಿಲವಿತ್ತು, ಅಪ್ಪಯ್ಯನಿಗೆ ವಯಸ್ಸಾಗಿತ್ತು. ಆದರೆ ಇಷ್ಟಂತೂ ಖಂಡಿತ: ಆ ದಿನ ಅವರು ಓಡಿಸಿದ್ದು ನೀನು ಮಾಡಿಕೊಟ್ಟ ಗಾಡಿಯನ್ನಲ್ಲ. ಎತ್ತರ ನಿನ್ನದು, ಅದಕ್ಕೆ ತಕ್ಕ ಶಾಕ್ ಬಚ್ಚಲೊಲೆಯ ಹಿಂದೆ ಇತ್ತು. ಎರಡು ವರ್ಷ ನೀನು ಪನ್ವೇಲಿನಲ್ಲಿ ಹೊತ್ತದ್ದು ನಿನ್ನದಲ್ಲದ ಭಾರ. ಇದು ಯಾರದ್ದು ಎಂದು ಕೇಳಬೇಡ. ಅಪ್ಪಯ್ಯನ ಪ್ರೀತಿಗೆ ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಹೊಟ್ಟೆಯೊಳಗಿದ್ದ ಮಗುವಿಗೆ ಅನ್ನಲಿಕ್ಕಾಗುತ್ತದಾ? ಅವಳು ನನ್ನ ಪಕ್ಕದಲ್ಲಿ ಬಾಯಿ ತೆರೆದು ಮಲಗಿದ್ದಾಳೆ. ಅವಳು ದೊಡ್ಡವಳಾದ ಮೇಲೂ ಇದನ್ನು ನಾನು ಹೇಳುವುದಿಲ್ಲ. ನಿನಗೆ ಹೇಳಿದೆ, ಮುಗಿಯಿತು.

ಈಗ ಅದೇ ಎತ್ತರ, ಅದೇ ಗಿಡ್ಡ ಶಾಕ್, ಅದೇ ತಿರುವು. ರೂಪೇಶ್‌ಗೆ ಪೂರ್ತಿ ಬಿಡಿಸಿ ಹೇಳೋಣವೆಂದರೆ ಗೋಡೆಯಾಚೆ ಅಮ್ಮ. ಅರ್ಧ ಹೇಳಿದರೆ ಜಗಳ. ಮಲಗುವ ಮೊದಲು ಇನ್ನೊಮ್ಮೆ ಕಾಲು ಹಿಡಿದ ಹಾಗೆ ಕೇಳಿದೆ. “ಶೈಲೇಶ್ ಭಾವ ಒಂದ್ ಮಾತ್ ಹೇಳ್ಲಿ, ಟ್ರಿಪ್ಪೇ ಬಿಡ್ತೆ. ನಿನ್ ಹೆದ್ರಿಕಿಗ್ ಬಿಡುದಲ್ಲ. ನಿಂಗ್ ಗಾಳಿ ಬೀಸ್ರೂ ಹೆದ್ರಿಕಿ” ಎಂದು ನಿನ್ನ ಹೆಸರು ಹಿಡಿದೇ ಹೇಳಿ ಮಗ್ಗುಲಾದರು. ಅದೂ ಸುಳ್ಳಲ್ಲ. ಮಗು ಕೆಮ್ಮಿದರೆ ಆಸ್ಪತ್ರೆ ಅನ್ನುವವಳ ಮಾತನ್ನು ಯಾರು ಕೇಳುತ್ತಾರೆ?

ನಿನ್ನ ಉದ್ದದ ಶಾಕನ್ನೇ ಹಾಕಿಸಲಾ? ಈಗ ಚಾವಡಿಗೆ ಹೋಗಿ ಎರಡನ್ನೂ ನಿಲ್ಲಿಸಿ ಭಾರ ಹಾಕಿ ಒತ್ತಿದೆ. ಒಂದು ಒಳಗೆ ಹೋಗಿ ಮೆಲ್ಲಗೆ ತಾನೇ ಮೇಲೆ ಬಂತು. ಇನ್ನೊಂದು ಹೋದದ್ದು ಹಾಗೇ ಕೂತಿತು, ಬುಡದಲ್ಲಿ ಎಣ್ಣೆಯ ಜಿಗುಟು. ಅದು ಸತ್ತಿದೆಯಾ, ಮಲಗಿಸಿ ಇಟ್ಟದ್ದಕ್ಕೆ ಹಾಗಾ? ಒಂದು ಹಳೆಯದು ಒಂದು ಹೊಸದು ಹಾಕಬಹುದಾ? ಅಥವಾ ಮಂಗಳೂರಿನಿಂದ ಹೊಸ ಜೊತೆ ಬರುವವರೆಗೆ ಜೀಪು ಅಂಗಳ ಬಿಡಲೇ ಬಾರದಾ? ಕಡ್ಡಿಗಳು ಎಂದೋ ಒಲೆಗೆ ಹೋದವು. ಆ ಅಳತೆ ಇರುವುದು ನಿನ್ನ ತಲೆಯಲ್ಲಿ ಮಾತ್ರ.

ಸಮಯಕ್ಕೆ ಸರಿಯಾಗಿ ಉಣ್ಣು. ಅಮ್ಮನ ಆಶೀರ್ವಾದ ಇದೆ, ಕೇಳದೆಯೇ ಬರೆಯುತ್ತಿದ್ದೇನೆ, ಅದು ಯಾವಾಗಲೂ ಇದೆ. ದೀಕ್ಷಾಳ ಕೈ ಹಿಡಿದು ಕೆಳಗೆ ಒಂದು ಗೀಟು ಎಳೆಸಬೇಕೆಂದಿದ್ದೆ, ಎಬ್ಬಿಸಲು ಮನಸ್ಸಾಗಲಿಲ್ಲ.

ನಿನ್ನ ತಂಗಿ,
ನಿಶ್ಮಿತಾ

ಮರೆತ ಮಾತು: ಫೋಟೊ ತೆಗೆಯಲು ಎದ್ದಾಗ ಬಚ್ಚಲಲ್ಲಿ ದೀಪ ಉರಿಯುತ್ತಿತ್ತು. ಅಮ್ಮ ಆಗಲೇ ತಲೆಗೆ ನೀರು ಹಾಕಿಕೊಂಡು ಒಳ್ಳೆಯ ಸೀರೆ ಉಟ್ಟಿದ್ದಾಳೆ. ಕೈಯಲ್ಲಿ ತೆಂಗಿನಕಾಯಿ. ಮೊದಲ ಟ್ರಿಪ್ಪಿನಲ್ಲಿ ಅವಳೂ ಹೋಗುತ್ತಾಳಂತೆ, ಅಪ್ಪಯ್ಯ ಬಿದ್ದ ತಿರುವಿನಲ್ಲಿ ಕಾಯಿ ಒಡೆಯಬೇಕಂತೆ. ಅಳಿಯನಿಗೆ ಮೊದಲೇ ಹೇಳಿ ಮುಂದಿನ ಸೀಟು ಇಟ್ಟುಕೊಂಡಿದ್ದಾಳೆ, ನನಗೆ ಮಾತ್ರ ಹೇಳಿರಲಿಲ್ಲ. ಬೇಡ ಅನ್ನಲು ನನ್ನ ಹತ್ತಿರ ಕಾರಣವಿದೆ, ಅದನ್ನು ಅವಳಿಗೆ ಹೇಳುವ ಹಾಗಿಲ್ಲ. ಅಣ್ಣ, ನನ್ನ ಹತ್ತಿರ ಮಾತಾಡಬೇಡ, ಅಪ್ಪಯ್ಯನ ವಿಷಯ ಎತ್ತಬೇಡ, ಹೇಗಿದ್ದೀಯ ಎಂದೂ ಕೇಳಬೇಡ. ರೂಪೇಶ್‌ಗೆ ಕೊಡು ಅನ್ನು, ಕೊಡುತ್ತೇನೆ. ಆ ಗಿಡ್ಡ ಶಾಕ್ ಹಾಕಬೇಡ ಎಂದಷ್ಟೇ ಹೇಳಿ ಇಟ್ಟುಬಿಡು. ಪಾಂಡುವಿನ ಬೈಕ್ ಸದ್ದು ಬರುವ ಮೊದಲು, ಬೆಳಗಾಗುವ ಮೊದಲು ಫೋನ್ ಮಾಡು. ಮಗು ಹುಟ್ಟಿದಂದಿನಿಂದ ರಾತ್ರಿ ಹೊತ್ತು ನನ್ನ ಫೋನಿನ ಸದ್ದು ತೆಗೆದಿರುತ್ತೇನೆ. ಇವತ್ತು ಪೂರ್ತಿ ಜೋರಾಗಿ ಇಟ್ಟು ಅವಳ ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಎದ್ದು ಅತ್ತರೆ ಅಳಲಿ. ಮಾಡು ಅಣ್ಣ.