ಹಳೆಯ ಹತ್ತು ಬೋಲ್ಟು

೧೪ ನವೆಂಬರ್, ಶುಕ್ರವಾರ

ತಪ್ಪು ನನ್ನದೇ. ಟರ್ಬೋ ಇಲ್ಲದೆ ಇನ್ನೂರು ಕುದುರೆ ಶಕ್ತಿ ಕೊಡಬೇಕಾದ ನಾಲ್ಕು ಸಿಲಿಂಡರಿನ ಇಂಜಿನ್ನಿಗೆ ಅದರ ತಲೆಭಾಗವನ್ನು ಒತ್ತಿ ಹಿಡಿಯುವ ಹಳೆಯ ಹೆಡ್ ಬೋಲ್ಟುಗಳನ್ನೇ ಹಾಕಿದೆ. ಸ್ಟ್ರೆಸ್ ಈಸ್ ಪ್ರಪೋರ್ಷನಲ್ ಟು ಸ್ಟ್ರೈನ್, ವಿದಿನ್... ವಿದಿನ್ ಎಂತದೋ, ಕಾಲೇಜಿನದ್ದು ಅರ್ಧ ಮರೆತಿದೆ. ಒಮ್ಮೆ ಮಿತಿ ಮೀರಿ ಹಿಗ್ಗಿದ ಬೋಲ್ಟು ಮತ್ತೆ ಹಿಡಿಯುವುದಿಲ್ಲ. ಏಳನೆಯದು ಬಿಗಿಯಾಗದೆ ಸುಮ್ಮನೆ ತಿರುಗಿತು.

"ಹೊಸತು ತಂದುಕೊಟ್ಟು ತಿಂಗಳಾಯ್ತಲ್ಲ, ಎಂತ ಮಾರಾಯ್ರೆ ನೀವು!" ಎಂದು ಕಾವೂರಿನ ಲೇತ್ ಅಂಗಡಿಯ ಲತೇಶ್ ಬೈದ.

ಅವನಿಗೆ ಎಂತ ಹೇಳುವುದು? ಕಳೆದ ಸಲ ನಾನು ಬಿಗಿದ ಹಾಗೆಲ್ಲ ನನ್ನ ಹೆಂಡತಿ ಮನೋರಮಾ ಪಕ್ಕದಲ್ಲಿ ಕೂತು ಒಂದೊಂದರ ತಲೆಗೂ ನೈಲ್ ಪಾಲಿಶ್ ಚುಕ್ಕೆ ಇಟ್ಟಿದ್ದಳು. "ಲೆಕ್ಕ ತಪ್ಪುವವರು ನೀವು, ಮಾತಾಡ್ಬೇಡಿ" ಎಂದಿದ್ದಳು. ಅದೇ ವರ್ಷ ತೀರಿಕೊಂಡಳು.

ಹತ್ತನ್ನೂ ಬಿಚ್ಚಿದೆ. ನಾಳೆ ಹೊಸತು ಹಾಕಿದರೆ ಇಂಜಿನ್ ಸ್ಟಾರ್ಟ್ ಆದೀತು. ಆದರೆ ಅದರಲ್ಲಿ ಅವಳ ಕೈ ಮುಟ್ಟಿದ್ದು ಒಂದೂ ಇರುವುದಿಲ್ಲ. ಸ್ಟಾರ್ಟ್ ಆಗಬೇಕೆಂದು ನನಗೆ ನಿಜವಾಗಿ ಆಸೆ ಇದೆಯೋ, ಗೊತ್ತಿಲ್ಲ.