‘ಆದಕಾರಣ’ದ ಮುಂದಿನ ಸಾಲು

ಊರಿನಿಂದ,
ಶನಿವಾರ, ೨೨-೬-೨೦೨೪

ಅಪ್ಪನವರಿಗೆ ಮಾಲಾಳ ನಮಸ್ಕಾರಗಳು.

ನಾವೆಲ್ಲ ಆರಾಮ ಇದ್ದೇವೆ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ಎದುರಿಗೆ ನಿಂತರೆ ಅಳು ಬಂದೀತು, ಅದಕ್ಕೇ ಈ ಪತ್ರವನ್ನು ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದೇನೆ.

ನೀವು ಶಿಗ್ಗಾವಿಯಲ್ಲಿ ಕೋಣೆ ಹಿಡಿದು, ತಾಲ್ಲೂಕು ಕಚೇರಿ ಮುಂದೆ ಕುಳಿತು ಮಂದಿಯ ಅರ್ಜಿ ಬರೆಯತೊಡಗಿ ಇಪ್ಪತ್ತು ವರ್ಷವಾಯಿತು. ಅರ್ಜಿ ಓದುವುದನ್ನು ನನಗೆ ಕಲಿಸಿದವರೂ ನೀವೇ. ‘ಆದ್ದರಿಂದ ಅಂತ ಕಂಡ ಕೂಡಲೇ ನಿಂದರಬ್ಯಾಡವಾ. ಅಂಥಾವು ಎರಡ್ಮೂರು ಇರ್ತಾವು. ಉಳಿದ ಮಾತೆಲ್ಲಾ ಯಾವ ಮಾತಿಗೆ ಆಸರ ಕೊಡತಾವು ನೋಡು, ಅದ ಖರೇ ಬೇಡಿಕಿ’ ಎನ್ನುತ್ತಿದ್ದಿರಿ.

ಗುರುವಾರ ಶಾಲಾ ಸಮಿತಿಯ ಚನ್ನವೀರಪ್ಪನವರು ಅರ್ಜಿ ಹಿಡಿದು ಮನೆಮನೆಗೆ ಬಂದಿದ್ದರು. ಸೋರುವ ಕೊಠಡಿಯ ರಿಪೇರಿಗೆ ಎಂದರಂತೆ. ನಾನು ಮನೆ ಮುಟ್ಟುವಷ್ಟರಲ್ಲಿ ಅವ್ವನೂ ಸೇರಿ ಓಣಿಯ ಮೂವತ್ತೊಂದು ಹೆಣ್ಣುಮಕ್ಕಳು ಸಹಿ, ಹೆಬ್ಬೆಟ್ಟು ಹಾಕಿಯಾಗಿತ್ತು. ನಾನು ಇಸಿದುಕೊಂಡು ಓದಿದೆ. ‘ಮಾಳಿಗೆ ಸೋರುತ್ತಿದೆ, ಆದ್ದರಿಂದ ಎಂಟನೇ ತರಗತಿಗೆ ಕೂರಲು ಜಾಗವಿಲ್ಲ. ಹೀಗಾಗಿ ಹಾಜರಾತಿ ಕುಸಿದಿದೆ. ಆದಕಾರಣ ಸದರಿ ತರಗತಿಯನ್ನು ಹುಲಗೂರಿನ ಶಾಲೆಗೆ ಸೇರಿಸಬೇಕು.’

ರಿಪೇರಿಯ ಮಾತು ಎಲ್ಲೂ ಇರಲಿಲ್ಲ. ಕೊಠಡಿ ಕೆಡವಿ ಅಲ್ಲಿ ಸಮುದಾಯ ಭವನ ಕಟ್ಟಿಸುವ ಆಸೆ ಅವರಿಗೆ. ಅರ್ಜಿ ಬರೆದ ಅಕ್ಷರ ಮಾತ್ರ ನಿಮ್ಮದು.

ಅವತ್ತೇ ಸಂಜೆ ಎಲ್ಲರನ್ನೂ ಶಾಲೆಯ ಕಟ್ಟೆಗೆ ಕರೆದು ಗಟ್ಟಿಯಾಗಿ ಓದಿದೆ. ಪಕ್ಕದ ಮನೆಯ ದುರಗವ್ವ ಎದ್ದು ನಿಂತು, ‘ನನ್ನ ಮಗಳು ಹಳ್ಳ ದಾಟಿ ನಾಕು ಕಿಲೋಮೀಟರ ಹ್ಯಾಂಗ ಹೊಕ್ಕಾಳ್ರಿ? ನನ್ನ ಹೆಬ್ಬಟ್ಟ ಹೊಳ್ಳಿ ಕೊಡ್ರಿ’ ಎಂದಳು. ‘ಬರದವ್ರು ಹಂಗ ಬರದಾರವಾ, ನಾ ಏನ್ ಮಾಡ್ಲಿ?’ ಎಂದರು ಚನ್ನವೀರಪ್ಪನವರು. ಬರೆದವರು ಯಾರೆಂದು ನಾನು ಬಾಯಿ ಬಿಡಲಿಲ್ಲ. ಮೂವತ್ತೊಂದು ಹೆಸರನ್ನೂ ಅವರ ಕೈಯಿಂದಲೇ ಹೊಡೆದುಹಾಕಿಸಿದೆವು.

ಹೇಳಿದ್ದನ್ನು ಬರೆಯುವುದಷ್ಟೇ ನನ್ನ ಕೆಲಸ ಎನ್ನುತ್ತೀರಿ, ಗೊತ್ತು. ಆದರೆ ಅದನ್ನು ರಿಪೇರಿಯ ಅರ್ಜಿ ಎಂದು ಹೇಳಿ ಸಹಿ ಹಾಕಿಸುತ್ತಾರೆಂದು ನಿಮಗೆ ತಿಳಿದಿತ್ತೇ ಅಪ್ಪಾ? ಇದೊಂದಕ್ಕೆ ಉತ್ತರ ಕೊಡಿ.

ಹೊಸ ಅರ್ಜಿ ನಾನೇ ಬರೆದಿದ್ದೇನೆ. ಎಂಟನೇ ತರಗತಿ ನಮ್ಮೂರಲ್ಲೇ ಉಳಿಯಬೇಕು, ಕೊಠಡಿ ರಿಪೇರಿಯಾಗಬೇಕು ಎಂಬ ಬೇಡಿಕೆಯನ್ನು ಮೊದಲ ಸಾಲಿಗೇ ಇಟ್ಟೆ. ‘ಏಕೆಂದರೆ’ ಎಂದು ಶುರುಮಾಡಿ ಕಾರಣಗಳನ್ನು ಕೆಳಗೆ ಬರೆದೆ. ಮೂರು ಸಲ ಓದಿ ಹೇಳಿದ ಮೇಲೆಯೇ ಸಹಿ ಪಡೆದೆ. ಸೋಮವಾರ ಮೊದಲ ಬಸ್ಸಿಗೆ ಎಲ್ಲರೂ ಶಿಗ್ಗಾವಿಗೆ ಬರುತ್ತೇವೆ. ನೀವು ನಮ್ಮ ಜೊತೆ ನಿಂತರೆ ನನಗೆ ಬೇರೇನೂ ಬೇಡ. ನಿಲ್ಲದಿದ್ದರೂ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದೇ ಊರಿಗೆ ಹೊರಡುತ್ತೇವೆ.

ನಿಮ್ಮ ಮಗಳು,
ಮಾಲಾ

ತಾ.ಕ.: ಏನೂ ಕೇಳದೆ ಹೆಬ್ಬೆಟ್ಟು ಯಾಕೆ ಒತ್ತಿದೆ ಎಂದು ಅವ್ವನನ್ನು ಕೇಳಿದೆ. ‘ಓದಾಕ ಬರಂಗಿಲ್ಲ ಖರೇ, ನಿಮ್ಮಪ್ಪನ ಅಕ್ಷರ ಗುರ್ತು ಹತ್ತತಾವು. ಅವರು ಬರದಾರಂದ್ರ ಛಲೋದ ಇರತೈತಿ ಅಂತ ಒತ್ತಿದೆ’ ಎಂದಳು. ಮೊದಲ ಹೆಬ್ಬೆಟ್ಟು ಅವಳದು. ಅದನ್ನು ನೋಡಿಯೇ ಉಳಿದ ಮೂವತ್ತು ಜನ ಸಹಿ, ಹೆಬ್ಬೆಟ್ಟು ಹಾಕಿದ್ದು.